ಏನೇ ಆದರೂ ‘ನಿನ್ನಿಂದಲೇ’ ಎನ್ನುವ ಗಂಡನ ಜೊತೆ: ನಾನು ಮಾಡಿಕೊಂಡ ಏರ್ಪಾಡು

ಹಾಲು ಉಕ್ಕಿದರೆ, ಟ್ಯಾಂಕ್ ತುಂಬಿ ಹರಿದರೆ, ಟೈರ್ ಪಂಕ್ಚರ್ ಆದರೆ, ಕೊನೆಗೆ ಬಸ್ಸು ತಡವಾದರೂ ಬರುವ ಮೊದಲ ಮಾತು ‘ಎಲ್ಲಾ ನಿನ್ನಿಂದಲೇ’. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬಾಯಿ ಜೋರು, ಆದರೆ ಕೈ ಮಾಡುವುದಿಲ್ಲ, ಹೆದರಿಸುವುದಿಲ್ಲ ಎನ್ನುವಂಥ ಮನೆಗೆ ಮಾತ್ರ ಈ ಏರ್ಪಾಡು ಸಲ್ಲುತ್ತದೆ. ಹೊಡೆತ, ಬೆದರಿಕೆ ಇದ್ದರೆ ಮಧ್ಯದ್ದೆಲ್ಲ ಬಿಟ್ಟು ನೇರ ಕೊನೆಗೆ ಹೋಗಿ.

ಏನಾದರೂ ಕೆಟ್ಟಾಗ ಮೂರು ಕೆಲಸ ಒಟ್ಟಿಗೆ ಮೈಮೇಲೆ ಬರುತ್ತವೆ: ಕೆಟ್ಟದ್ದನ್ನು ಸರಿಮಾಡುವುದು, ಯಾಕೆ ಕೆಟ್ಟಿತು ಅಂತ ನೋಡುವುದು, ತಪ್ಪು ಯಾರದು ಅಂತ ತೀರ್ಮಾನಿಸುವುದು. ಇವರು ಶುರು ಮಾಡುವುದು ಮೂರನೆಯದರಿಂದ, ನಾನು ಹಿಡಿದುಕೊಳ್ಳುವುದು ಮೊದಲನೆಯದನ್ನು. “ಮೋಟಾರ್ ಆಫ್ ಮಾಡೋಕೂ ಆಗಲ್ವಾ ನಿನಗೆ?” ಎಂದರೆ ನನ್ನ ಉತ್ತರ ಇಷ್ಟೇ: “ನೀರು ಹರೀತಿದೆ, ಆಫ್ ಮಾಡ್ತೀನಿ ರೀ. ಊಟ ಆದ್ಮೇಲೆ ಮಾತಾಡೋಣ.” ಇದರಲ್ಲಿ ಸಮರ್ಥನೆಯೂ ಇಲ್ಲ, ಒಪ್ಪಿಗೆಯೂ ಇಲ್ಲ. ‘ಊಟ ಆದ್ಮೇಲೆ’ ಎಂದು ಹೊತ್ತು ಹೇಳುವುದು ಮುಖ್ಯ. ಬರೀ ‘ಆಮೇಲೆ’ ಎಂದರೆ ತಪ್ಪಿಸಿಕೊಂಡಂತೆ ಕೇಳಿಸುತ್ತದೆ, ಅದರಿಂದ ಕೂಗು ಇನ್ನೂ ಏರುತ್ತದೆ. ದಂಪತಿಗಳ ಜಗಳವನ್ನು ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಪ್ರಕಾರ, ಎದೆಬಡಿತ ನಿಮಿಷಕ್ಕೆ 100 ದಾಟಿದ ಮೇಲೆ ಎದುರಿನವರ ಮಾತು ತಲೆಗೆ ಹೋಗುವುದಿಲ್ಲ, ಅದು ಇಳಿಯಲು ಕನಿಷ್ಠ 20 ನಿಮಿಷ ಬೇಕು. ಅದಕ್ಕೇ ಅರ್ಧ ಗಂಟೆಗಿಂತ ಮೊದಲು ನಾನು ವಿಷಯ ಎತ್ತುವುದಿಲ್ಲ.

ಗಲಾಟೆ ನಿಲ್ಲಲಿ ಅಂತ ಹೇಳುವ ‘ಸಾರಿ’ ತುಂಬ ದುಬಾರಿ. ಆ ಹೊತ್ತಿಗೆ ಸದ್ದಡಗುತ್ತದೆ ನಿಜ, ಆದರೆ ಮುಂದಿನ ಸಲಕ್ಕೆ ಅದೇ ಸಾಕ್ಷಿಯಾಗುತ್ತದೆ: “ಅವತ್ತು ನೀನೇ ಒಪ್ಕೊಂಡಿದ್ದೆಯಲ್ಲ!” ತಪ್ಪು ನಿಜಕ್ಕೂ ನನ್ನದಾದರೆ ‘ಆದರೆ’ ಸೇರಿಸದೆ ಪೂರ್ತಿ ಒಪ್ಪಿಕೊಳ್ಳುತ್ತೇನೆ. ಅರ್ಧ ನನ್ನದಾದರೆ ಆ ಅರ್ಧವನ್ನಷ್ಟೇ: “ಆನ್ ಮಾಡಿದ್ದು ನಾನು. ಆಫ್ ಮಾಡೋದು ಯಾರು ಅಂತ ನಾವು ಮಾತಾಡ್ಕೊಂಡಿರ್ಲಿಲ್ಲ.” ನನ್ನದಲ್ಲದ್ದಕ್ಕೆ “ಇದು ನನ್ನಿಂದ ಆದದ್ದಲ್ಲ” ಎಂದು ಒಂದೇ ಸಲ ಹೇಳುತ್ತೇನೆ. ಎರಡನೇ ಸಲ ಹೇಳಿದರೆ ವಾದಕ್ಕೆ ಇಳಿದಂತೆ.

ಊಟದ ನಂತರದ ಮಾತಿಗೆ ಹತ್ತು ನಿಮಿಷ ಸಾಕು. ಒಂದೇ ಘಟನೆ, ಹಳೆಯ ಲೆಕ್ಕ ತೆಗೆಯುವ ಹಾಗಿಲ್ಲ. ‘ಯಾವಾಗ್ಲೂ’, ‘ಒಂದಿನಾನೂ’ ಎನ್ನುವ ಮಾತುಗಳು ಇಬ್ಬರ ಬಾಯಲ್ಲೂ ಬರಬಾರದು. ನಾವು ಮರೆತರೆ ಕೆಲಸದ ಒತ್ತಡ, ಪಕ್ಕದವರು ಮರೆತರೆ ಅವರ ಸ್ವಭಾವ ಎಂದು ಎಣಿಸುವುದು ಎಲ್ಲರ ತಲೆಯೂ ಮಾಡುವ ಕೆಲಸ. ‘ಯಾವಾಗ್ಲೂ’ ಅದಕ್ಕೆ ಮುದ್ರೆ ಒತ್ತುತ್ತದೆ. ಹಾಗಾಗಿ ಕೇಳುವ ಪ್ರಶ್ನೆ ‘ಯಾರು’ ಅಲ್ಲ, ‘ಎಲ್ಲಿ ತಪ್ಪಿತು’.

ಟ್ಯಾಂಕನ್ನೇ ತೆಗೆದುಕೊಳ್ಳಿ. ಮೋಟಾರ್ ಹಾಕಿದವರು ಸ್ನಾನಕ್ಕೆ ಹೋಗುತ್ತಾರೆ, ಇನ್ನೊಬ್ಬರಿಗೆ ಅದು ಓಡುತ್ತಿರುವುದೇ ಗೊತ್ತಿರುವುದಿಲ್ಲ. ಕೂಗಾಡಿದರೆ ಇದು ಸರಿಹೋಗುವುದಿಲ್ಲ. ಒಂದು ಸಲ ಖಾಲಿ ಟ್ಯಾಂಕ್ ತುಂಬಲು ಎಷ್ಟು ನಿಮಿಷ ಬೇಕೆಂದು ನೋಡಿ, ಸ್ವಿಚ್ಚಿನ ಪಕ್ಕ ಬರೆದು ಅಂಟಿಸಬೇಕು. ಹಾಕಿದವರೇ ತಮ್ಮ ಫೋನಿನಲ್ಲಿ ಐದು ನಿಮಿಷ ಮೊದಲಿಗೇ ಅಲಾರಂ ಇಡಬೇಕು. ವೋಲ್ಟೇಜ್ ಕಡಿಮೆ ಇದ್ದರೆ ತುಂಬಲು ಹೆಚ್ಚು ಹೊತ್ತು ಹಿಡಿಯುತ್ತದೆ, ಅಲಾರಂ ಬಾರಿಸಿದಾಗ ಹೋಗಿ ನೋಡಲೇಬೇಕು. ಖರ್ಚು ಮಾಡುವುದಾದರೆ ಟ್ಯಾಂಕ್ ತುಂಬಿದಾಗ ಮೋಟಾರನ್ನೇ ನಿಲ್ಲಿಸುವ ಫ್ಲೋಟ್ ಸ್ವಿಚ್ ಹಾಕಿಸಬಹುದು. ಆದರೆ ಬೋರ್‌ವೆಲ್ ನೀರಿಗೆ ಸುಣ್ಣ ಕಟ್ಟಿ ಫ್ಲೋಟ್ ಸಿಕ್ಕಿಕೊಳ್ಳುತ್ತದೆ, ಆಗಾಗ ಅಲ್ಲಾಡಿಸಿ ನೋಡುತ್ತಿರಬೇಕು. ಆ ಕೆಲಸ ಯಾರದು ಎಂದೂ ಆಗಲೇ ಬರೆದಿಡಿ, ಇಲ್ಲದಿದ್ದರೆ ಮುಂದಿನ ಜಗಳ ಫ್ಲೋಟಿನದು.

ಉಳಿದವಕ್ಕೂ ಇದೇ ದಾರಿ. ಸಿಲಿಂಡರ್ ಹಚ್ಚಿದ ತಾರೀಖನ್ನು ಅದರ ಮೇಲೇ ಸೀಮೆಸುಣ್ಣದಲ್ಲಿ ಬರೆಯುವುದು. ಅನುಮಾನವಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಗ್ಯಾಸ್ ಇರುವ ಭಾಗ ನಿಧಾನಕ್ಕೆ ಒಣಗುತ್ತದೆ. ಹಾಲಿಗೆ ಸೀಟಿ ಹೊಡೆಯುವ ಹಾಲಿನ ಕುಕ್ಕರ್. ಬೀಗದ ಕೈಗೆ ಬಾಗಿಲ ಪಕ್ಕ ಒಂದೇ ಮೊಳೆ. ವಿಮೆ, ಶಾಲೆ ಫೀಸು, ಕರೆಂಟ್ ಬಿಲ್ ಒಂದೊಂದಕ್ಕೂ ಒಂದೊಂದು ಹೆಸರು, ಫ್ರಿಜ್ ಮೇಲೆ. ‘ಇಬ್ಬರೂ’ ಎಂದು ಬರೆದ ಕೆಲಸ ಕೆಟ್ಟರೆ ತಪ್ಪು ಬಂದು ಬೀಳುವುದು ಹೆಂಡತಿಯ ತಲೆಗೇ, ಅದನ್ನು ಬರೆಯಲೇಬೇಡಿ.

ಜೊತೆಗೆ ಒಂದು ಚಿಕ್ಕ ಪುಸ್ತಕ: ತಾರೀಖು, ಹೊತ್ತು, ಏನಾಯಿತು, ಏನಂದರು. ಎರಡೇ ಸಾಲು. ಒಂದು ತಿಂಗಳ ಮೇಲೆ ಓದಿದರೆ ಹೆಚ್ಚಿನವು ಯಾವ ಹೊತ್ತಿನವು ಎಂದು ಕಾಣುತ್ತದೆ. ಸಂಜೆ ಆಫೀಸಿನಿಂದ ಬಂದು ತಟ್ಟೆ ಹಾಕುವವರೆಗಿನ ಹೊತ್ತು, ಊರಿಗೆ ಹೊರಡುವ ಮುಂಚಿನ ಗಂಟೆ, ಇವೆರಡೂ ಕೆಟ್ಟವು. ಅದು ಗೊತ್ತಾದ ಮೇಲೆ ಬ್ಯಾಗು ಹಿಂದಿನ ರಾತ್ರಿಯೇ ಕಟ್ಟುತ್ತೇವೆ, ಸಂಜೆ ಬಂದ ತಕ್ಷಣ ತಿನ್ನಲು ಏನಾದರೂ ಇರುತ್ತದೆ. ಇದನ್ನು ಗುಲಾಮಗಿರಿ ಎನ್ನುವವರಿದ್ದಾರೆ. ತಿಂಡಿಯ ತಟ್ಟೆ ನನಗೂ ಬೇಕಾಗಿರುತ್ತದೆ.

ಈ ಏರ್ಪಾಡನ್ನು ಕೆಡಿಸುವಂಥವೂ ಇವೆ. “ಹೌದು ಬಿಡಿ, ಪ್ರಪಂಚದಲ್ಲಿ ಎಲ್ಲಾ ನನ್ನದೇ ತಪ್ಪು” ಎಂಬ ಕೊಂಕು. ವಾಟ್ಸಾಪ್ ಸಂದೇಶ ತೆಗೆದು ಮುಖಕ್ಕೆ ಹಿಡಿಯುವುದು: ಸಾಕ್ಷಿಯಲ್ಲಿ ಸೋತವರು ‘ನೀನು ಮಾತಾಡೋ ರೀತಿ ನೋಡು’ ಅಂತ ಬೇರೆ ಕೇಸು ಹಾಕುತ್ತಾರೆ. ಅತ್ತೆಯ ಹತ್ತಿರ ನ್ಯಾಯಕ್ಕೆ ಹೋಗುವುದು. ಎಲ್ಲಕ್ಕಿಂತ ಕೆಟ್ಟದ್ದು ಬಚ್ಚಿಡುವುದು. ಒಡೆದ ಲೋಟದ ಚೂರನ್ನು ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ತುರುಕುವ ಅಭ್ಯಾಸ ನಮಗೋ ಮಕ್ಕಳಿಗೋ ಬಂದಿದ್ದರೆ, ಅದು ಬರೀ ಸಿಡುಕಿನ ಮಟ್ಟ ದಾಟಿದೆ. ಮಗು ‘ಅಮ್ಮ ಮಾಡಿದ್ದು’ ಎನ್ನಲು ಕಲಿತಾಗಲೂ ಅಷ್ಟೇ. ಮಕ್ಕಳ ಮುಂದೆ ಶುರುವಾದರೆ ನಾನು ಎದ್ದು ಇನ್ನೊಂದು ಕೋಣೆಗೆ ಹೋಗುತ್ತೇನೆ, “ಇಲ್ಲಿ ಬನ್ನಿ, ಇಲ್ಲಿ ಹೇಳಿ” ಎನ್ನುತ್ತೇನೆ. ನಡೆದು ಬರುವಷ್ಟರಲ್ಲಿ ದನಿ ಸ್ವಲ್ಪ ಇಳಿದಿರುತ್ತದೆ.

ಕೈ ಎತ್ತುವುದು, ದುಡ್ಡು ಕೊಡದಿರುವುದು, ಫೋನ್ ಕಿತ್ತುಕೊಳ್ಳುವುದು, ದಿನವೂ ಹೀನಾಯವಾಗಿ ಬೈಯುವುದು ಇದ್ದರೆ ಫ್ರಿಜ್ ಮೇಲಿನ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 3ನೇ ಕಲಂನಲ್ಲಿ ಬೈಗುಳ, ಅವಮಾನ, ಹೀಯಾಳಿಕೆಯೂ ದೌರ್ಜನ್ಯವೇ. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ಅವರ ಕಚೇರಿಯಲ್ಲಿ ದೂರು ಕೊಡಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಉಚಿತ ಕಾನೂನು ನೆರವಿಗೆ 15100. ಈ ಕಾಯ್ದೆಯಡಿ ದೂರು ಕೊಡಲು ಗಂಡಸರಿಗೆ ಅವಕಾಶವಿಲ್ಲ. ಆದರೆ ಹೆಂಡತಿಯ ದೂಷಣೆಯಿಂದ ಕುಗ್ಗಿದ ಗಂಡಸರೂ ಸೇರಿ ಯಾರು ಬೇಕಾದರೂ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಎರಡು ಸಾಲಿನ ಆ ಪುಸ್ತಕ ಹೇಳಿಕೆ ಬರೆಸುವಾಗ ತಾರೀಖು ನೆನಪಿಸಲು ಬೇಕಾಗುತ್ತದೆ, ಅದರ ಫೋಟೊ ತೆಗೆದು ನಂಬಿಕೆಯವರೊಬ್ಬರ ಹತ್ತಿರ ಇಟ್ಟಿರಿ. ದೂರು ಕೊಟ್ಟ ಮಾತ್ರಕ್ಕೆ ಮನೆ ಬಿಡಬೇಕಿಲ್ಲ. ಮನೆ ಯಾರ ಹೆಸರಿನಲ್ಲೇ ಇರಲಿ, ಗಂಡನೊಡನೆ ಬಾಳುತ್ತಿರುವ ಮನೆಯಲ್ಲಿ ಇರುವ ಹಕ್ಕನ್ನು ಅದೇ ಕಾಯ್ದೆಯ 17ನೇ ಕಲಂ ಕೊಟ್ಟಿದೆ.