ಹೊಸಬರಿಗೆ ಮಾರ್ಗದರ್ಶಿ: ಇಂಗ್ಲೆಂಡಿನ ಊರೂರ ಊಟ

ಇಂಗ್ಲೆಂಡಿನ ಊಟ ಸಪ್ಪೆ ಎಂಬ ಮಾತನ್ನು ನೀವು ವೀಸಾ ಕೈಗೆ ಬರುವ ಮೊದಲೇ ಹತ್ತು ಜನರ ಬಾಯಲ್ಲಿ ಕೇಳಿರುತ್ತೀರಿ. ಖಾರದ ಮಟ್ಟಿಗೆ ಅದು ನಿಜ. ಆದರೆ ಅದನ್ನೇ ನಂಬಿಕೊಂಡು ಮನೆ ಅಡುಗೆ, ಇಂಡಿಯನ್ ಹೋಟೆಲು, ಪಿಜ್ಜಾ ಇಷ್ಟರಲ್ಲೇ ವರ್ಷಗಟ್ಟಲೆ ಕಳೆದ ಕುಟುಂಬಗಳು ನಮ್ಮ ಸಂಘದಲ್ಲೂ ಬೇಕಾದಷ್ಟಿವೆ. ತಾವಿರುವ ಊರಿನ ತಿಂಡಿ ಯಾವುದೆಂದೇ ಅವರಿಗೆ ಗೊತ್ತಿಲ್ಲ. ನಷ್ಟ ಅವರದೇ. ಇಲ್ಲಿನ ಒಳ್ಳೆಯ ಅಡುಗೆಯನ್ನು ಲಂಡನ್ನಿನ ದುಬಾರಿ ಹೋಟೆಲುಗಳಲ್ಲಿ ಹುಡುಕುವ ಬದಲು ಜಿಲ್ಲೆಗಳ ಬೇಕರಿ, ಸಂತೆ, ಪಬ್ಬುಗಳಲ್ಲಿ ಹುಡುಕಿ. ವಿಚಾರಿಸಿ ತಿನ್ನುವ ಅಭ್ಯಾಸ ಇದ್ದರೆ ಸಸ್ಯಾಹಾರಿಗಳಿಗೂ ಸಾಕಷ್ಟು ಸಿಗುತ್ತದೆ.

ಮೊದಲು ಕೊಬ್ಬನ್ನು ಕೇಳಿ

"ಇದರಲ್ಲಿ ಮಾಂಸ ಇದೆಯಾ" ಎಂದು ಕೇಳಿದರೆ ಸಾಲದು. "ಯಾವ ಕೊಬ್ಬಿನಲ್ಲಿ ಮಾಡಿದ್ದು" ಎಂದು ಕೇಳಬೇಕು. ನಮ್ಮಲ್ಲಿ ಎಣ್ಣೆ ತುಪ್ಪ ಮಾಡುವ ಕೆಲಸವನ್ನು ಇಲ್ಲಿನ ಹಳೆಯ ಅಡುಗೆಯಲ್ಲಿ ಪ್ರಾಣಿಗಳ ಕೊಬ್ಬು ಮಾಡುತ್ತಿತ್ತು. ಲಾರ್ಡ್ ಎಂದರೆ ಹಂದಿಯ ಕೊಬ್ಬು. ಪೈಗಳ (ಹಿಟ್ಟಿನ ಕವಚದೊಳಗೆ ಹೂರಣ ತುಂಬಿ ಬೇಯಿಸಿದವು) ಹಿಟ್ಟಿಗೆ ಅದನ್ನು ಕಲಸುತ್ತಾರೆ. ಸೂಯೆಟ್ ಎಂದರೆ ದನ ಅಥವಾ ಕುರಿಯ ಮೂತ್ರಪಿಂಡದ ಸುತ್ತ ಇರುವ ಗಟ್ಟಿ ಕೊಬ್ಬು. ಹಬೆಯಲ್ಲಿ ಬೇಯಿಸುವ ಪುಡ್ಡಿಂಗುಗಳಿಗೆ ಹಾಕುತ್ತಾರೆ. ಡ್ರಿಪ್ಪಿಂಗ್ ಎಂದರೆ ಕರಗಿಸಿದ ಕೊಬ್ಬು, ಹೆಚ್ಚಾಗಿ ದನದ್ದು. ಹಾಗಾಗಿ ಇದು ಸಸ್ಯಾಹಾರಿಗಳ ಚಿಂತೆ ಮಾತ್ರವಲ್ಲ. ಕುರಿ, ಕೋಳಿ, ಮೀನು ತಿಂದು ದನದ ಮಾಂಸ ಮುಟ್ಟದವರೂ ಎಚ್ಚರ ವಹಿಸಬೇಕು.

ಚಿಪ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಆಲೂಗಡ್ಡೆ ತಾನೇ ಎಂದು ಧೈರ್ಯವಾಗಿ ಕೊಳ್ಳುತ್ತೇವೆ. ಯಾರ್ಕ್‌ಶೈರ್ ಮತ್ತು ಉತ್ತರದ ಎಷ್ಟೋ ಚಿಪ್ ಅಂಗಡಿಗಳಲ್ಲಿ ಇವತ್ತಿಗೂ ಬೀಫ್ ಡ್ರಿಪ್ಪಿಂಗ್‌ನಲ್ಲೇ ಕರಿಯುತ್ತಾರೆ. ಮುಚ್ಚಿಡುವುದಿರಲಿ, ಹೆಮ್ಮೆಯಿಂದ ಬೋರ್ಡು ಹಾಕುತ್ತಾರೆ. ದಕ್ಷಿಣದಲ್ಲಿ ಹೆಚ್ಚಿನ ಕಡೆ ಸಸ್ಯದ ಎಣ್ಣೆ. ಆದರೂ ಮೀನು ಕರಿದ ಎಣ್ಣೆಯಲ್ಲೇ ಚಿಪ್ಸ್ ಬೀಳುವುದುಂಟು. ಕೌಂಟರಿನಲ್ಲಿ ಕೇಳಲು ಸಂಕೋಚ ಬೇಡ, ದಿನಾ ಕೇಳಿಸಿಕೊಳ್ಳುವ ಪ್ರಶ್ನೆ ಅದು.

ಸೂಪರ್‌ಮಾರ್ಕೆಟ್ಟಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲರ್ಜಿ ತರಬಹುದಾದ 14 ಪದಾರ್ಥಗಳನ್ನು ಪೊಟ್ಟಣದ ಮೇಲೆ ಎದ್ದು ಕಾಣುವಂತೆ ಮುದ್ರಿಸಬೇಕೆಂಬ ಕಾನೂನಿದೆ. ಮೊಟ್ಟೆ, ಹಾಲು, ಮೀನು ಆ ಪಟ್ಟಿಯಲ್ಲಿವೆ, ಆದ್ದರಿಂದ ಮೊಟ್ಟೆಯನ್ನು ಕಣ್ಣಾಡಿಸಿಯೇ ಪತ್ತೆ ಹಚ್ಚಬಹುದು. ಲಾರ್ಡ್, ಸೂಯೆಟ್, ಜೆಲಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಅಂಟು) ಆ ಪಟ್ಟಿಯಲ್ಲಿಲ್ಲ. ಸಣ್ಣ ಅಕ್ಷರದಲ್ಲಿ ಸಾಲಿನ ನಡುವೆ ಕೂತಿರುತ್ತವೆ, ಪೂರ್ತಿ ಓದಲೇಬೇಕು. 'ವೆಜಿಟೇರಿಯನ್' ಎಂದು ಬರೆದಿದ್ದರೆ ಕೊಬ್ಬಿನ ಚಿಂತೆ ಇಲ್ಲ, ಆದರೆ ಮೊಟ್ಟೆ ಇರಬಹುದು. ಇಲ್ಲಿನವರ ಲೆಕ್ಕದಲ್ಲಿ ಮೊಟ್ಟೆ ಸಸ್ಯಾಹಾರವೇ.

ಉತ್ತರ: ಪೈ, ಶುಂಠಿ, ರೂಬಾರ್ಬ್

ಲ್ಯಾಂಕಶೈರಿಗೆ ಹೋಗುವವರು ಪ್ರೆಸ್ಟನ್ ಕಡೆಯ ಬಟರ್ ಪೈ ತಪ್ಪಿಸಬೇಡಿ. ಆಲೂಗಡ್ಡೆ, ಈರುಳ್ಳಿ, ಬೆಣ್ಣೆ, ಕಾಳುಮೆಣಸಿನ ಪುಡಿ, ಅಷ್ಟೇ. ಶುಕ್ರವಾರ ಮಾಂಸ ಬಿಡುತ್ತಿದ್ದ ಕ್ಯಾಥೊಲಿಕ್ಕರ ಊಟ ಇದು. ಹೊರಗಿನ ಹಿಟ್ಟಿಗೆ ಲಾರ್ಡ್ ಹಾಕಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ನಾರ್ದಂಬರ್‌ಲ್ಯಾಂಡಿನ ಪ್ಯಾನ್ ಹ್ಯಾಗರ್ಟಿಯೂ ಆಲೂಗಡ್ಡೆ, ಈರುಳ್ಳಿ, ಚೀಸ್ ಪದರ ಪದರವಾಗಿ ಬೇಯಿಸಿದ್ದು. ಮನೆಯಲ್ಲೇ ಸುಲಭ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿದರೆ ಯಾರೂ ಬೇಡ ಅನ್ನುವುದಿಲ್ಲ. ಅದೇ ಈಶಾನ್ಯದ ಪೀಸ್ ಪುಡ್ಡಿಂಗ್ ನೋಡಲು ಬೇಳೆಯ ಮುದ್ದೆಯಂತಿದ್ದರೂ ಹಂದಿ ಮಾಂಸ ಬೇಯಿಸಿದ ನೀರಿನಲ್ಲಿ ಮಾಡುವ ರೂಢಿ ಇದೆ.

ಮಾಂಸಾಹಾರಿಗಳಿಗೆ ಲ್ಯಾಂಕಶೈರ್ ಹಾಟ್‌ಪಾಟ್: ಕುರಿ ಮಾಂಸ, ಈರುಳ್ಳಿ, ಮೇಲೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದ ಆಲೂಗಡ್ಡೆ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ. ಶೆಫರ್ಡ್ಸ್ ಪೈ ಕುರಿಯದು, ನೋಡಲು ಹಾಗೆಯೇ ಇರುವ ಕಾಟೇಜ್ ಪೈ ದನದ್ದು. ಕ್ಯಾಂಟೀನಿನಲ್ಲಿ ಎರಡನ್ನೂ ಅದಲು ಬದಲು ಕರೆಯುವುದು ಕೇಳಿದ್ದೇವೆ, ಆದ್ದರಿಂದ ಹೆಸರು ನಂಬದೆ ಕೇಳಿ.

ಯಾರ್ಕ್‌ಶೈರ್ ಪುಡ್ಡಿಂಗ್ ಸಿಹಿಯಲ್ಲ. ಮೈದಾ, ಮೊಟ್ಟೆ, ಹಾಲಿನ ಹಿಟ್ಟನ್ನು ಸುಡುವ ಕೊಬ್ಬಿಗೆ ಸುರಿದು ಉಬ್ಬಿಸುವುದು. ಭಾನುವಾರದ ರೋಸ್ಟ್ (ಓವನ್ನಿನಲ್ಲಿ ಹುರಿದ ಮಾಂಸದ ಊಟ) ಜೊತೆ ಬರುತ್ತದೆ. ಹಿಂದೆ ಮಾಂಸಕ್ಕೆ ಮೊದಲು ಇದನ್ನೇ ಗ್ರೇವಿಯಲ್ಲಿ ಬಡಿಸಿ ಅರ್ಧ ಹೊಟ್ಟೆ ತುಂಬಿಸುತ್ತಿದ್ದರಂತೆ. ಸಿಹಿ ಬೇಕೆಂದರೆ ಪಾರ್ಕಿನ್: ಓಟ್ಸ್ ಹಿಟ್ಟು, ಶುಂಠಿ, ಕಾಕಂಬಿಯಂಥ ಟ್ರೀಕಲ್ ಸೇರಿದ ಕೇಕು. ನವೆಂಬರ್ 5ರ ಬಾನ್‌ಫೈರ್ ನೈಟ್ ಹೊತ್ತಿಗೆ ಬೇಕರಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮಾಡಿ ನಾಲ್ಕು ದಿನ ಡಬ್ಬಿಯಲ್ಲಿಟ್ಟರೆ ಇನ್ನೂ ರುಚಿ.

ಯಾರ್ಕ್‌ಶೈರಿನ ವೇಕ್‌ಫೀಲ್ಡ್, ಮಾರ್ಲಿ, ರಾತ್‌ವೆಲ್ ಮಧ್ಯದ ಪ್ರದೇಶ ರೂಬಾರ್ಬ್ ಎಂಬ ಹುಳಿ ದಂಟಿಗೆ ಹೆಸರುವಾಸಿ. ಚಳಿಗಾಲದಲ್ಲಿ ಕತ್ತಲೆ ಶೆಡ್ಡುಗಳಲ್ಲಿ ಬೆಳೆಸಿ, ಬೆಳಕು ತಾಗದಿರಲೆಂದು ಮೇಣದಬತ್ತಿ ಹಿಡಿದು ಕೊಯ್ಯುತ್ತಾರೆ. 2010ರಲ್ಲಿ ಇದಕ್ಕೆ ಮೂಲಸ್ಥಳದ ರಕ್ಷಣೆಯ ಮಾನ್ಯತೆ ಸಿಕ್ಕಿತು. ಇಂಗ್ಲಿಷರು ಅದಕ್ಕೆ ಸಕ್ಕರೆ ಸುರಿದು ಸಿಹಿ ಮಾಡುತ್ತಾರೆ. ನಮ್ಮ ಬುದ್ಧಿ ಬೇರೆ ಕಡೆ ಓಡುತ್ತದೆ: ಒಳ್ಳೆ ಹುಳಿ, ಸಾರಿನ ಪುಡಿ, ಬೆಲ್ಲ, ಸಾಸಿವೆ ಒಗ್ಗರಣೆ ಬಿದ್ದರೆ ಗೊಜ್ಜಾಗುತ್ತದೆ, ಹುಣಸೆಹಣ್ಣು ಬೇಕಾಗುವುದಿಲ್ಲ. ಆದರೆ ಒಂದು ಮಾತು ಮರೆಯಬೇಡಿ. ರೂಬಾರ್ಬ್ ಎಲೆ ವಿಷ. ಅಂಗಡಿಯಲ್ಲಿ ದಂಟು ಮಾತ್ರ ಸಿಗುತ್ತದೆ. ತೋಟ ಇರುವ ನೆರೆಮನೆಯವರು ಎಲೆ ಸಮೇತ ಕೊಟ್ಟಾಗ, ಸೊಪ್ಪು ಕಂಡಲ್ಲಿ ಪಲ್ಯ ನೆನೆಯುವ ನಮ್ಮ ಅಮ್ಮಂದಿರನ್ನು ತಡೆಯಿರಿ.

ಮಧ್ಯಭಾಗ: ಕಾವಲಿಯ ಓಟ್‌ಕೇಕ್

ಸ್ಟೋಕ್-ಆನ್-ಟ್ರೆಂಟ್ ಸುತ್ತಮುತ್ತ ಮನೆ ಸಿಕ್ಕವರು ಅದೃಷ್ಟವಂತರು. ಸ್ಟಾಫರ್ಡ್‌ಶೈರ್ ಓಟ್‌ಕೇಕ್ ಹೆಸರಿಗೆ ಕೇಕು, ಸ್ವಭಾವದಲ್ಲಿ ದೋಸೆ. ಓಟ್ಸ್ ಹಿಟ್ಟು, ಗೋಧಿ ಹಿಟ್ಟು, ಯೀಸ್ಟ್, ನೀರು ಕಲಸಿ ಹುದುಗಿಸಿ, ಕಾವಲಿ ಮೇಲೆ ಹುಯ್ದು ಎರಡೂ ಬದಿ ಬೇಯಿಸುತ್ತಾರೆ. ಮೊಟ್ಟೆ ಹಾಕುವ ಪದ್ಧತಿಯಿಲ್ಲ. ಊರಲ್ಲಿ ಇದಕ್ಕೆಂದೇ ಪುಟ್ಟ ಅಂಗಡಿಗಳಿವೆ, ಡಜನ್ ಲೆಕ್ಕದಲ್ಲಿ ಕಟ್ಟಿಸಿಕೊಂಡು ಹೋಗುವವರಿಂದ ವಾರಾಂತ್ಯದ ಬೆಳಿಗ್ಗೆ ತುಂಬಿರುತ್ತವೆ. ಚೀಸ್ ಮತ್ತು ಅಣಬೆ ತುಂಬಿಸಿ ಕೇಳಿ; ಅದೇ ಕಾವಲಿಯಲ್ಲಿ ಬೇಕನ್ (ಹಂದಿ ಮಾಂಸ) ಹುರಿಯುತ್ತಾರೆಯೇ ಎಂದೂ ಕೇಳಿ. ಸಾದಾ ತಂದು ಮನೆಯಲ್ಲಿ ಬಿಸಿ ಮಾಡಿ ಕೆಂಪು ಚಟ್ನಿ ಸವರಿ ಆಲೂಗಡ್ಡೆ ಪಲ್ಯ ಇಟ್ಟುಕೊಂಡರೆ ಸ್ಟೋಕ್‌ನವರಿಗೆ ಬೇಜಾರಾಗಬಹುದು, ನಿಮಗೆ ಆಗುವುದಿಲ್ಲ.

ನಾಟಿಂಗ್‌ಹ್ಯಾಮ್‌ನಲ್ಲಿ ಬೇಯಿಸಿ ಮಸೆದ ಬಟಾಣಿಗೆ ಪುದೀನ ಸಾಸ್ ಹಾಕಿ ತಿನ್ನುತ್ತಾರೆ, ಗೂಸ್ ಫೇರ್ ಜಾತ್ರೆಯಲ್ಲಿ ನೋಡಿ. ಹಂದಿ ಮಾಂಸ ಮೆಚ್ಚುವ ಕೊಡಗಿನವರಿಗೆ ಮೆಲ್ಟನ್ ಮೋಬ್ರೆಯ ಪೋರ್ಕ್ ಪೈ. ತಣ್ಣಗೇ ತಿನ್ನಬೇಕು, ಪಂದಿ ಕರಿಯ ಖಾರ ನಿರೀಕ್ಷಿಸಬೇಡಿ. ಸ್ಟಿಲ್ಟನ್ ಚೀಸ್ ಅನ್ನು ಡರ್ಬಿಶೈರ್, ಲೆಸ್ಟರ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್ ಮೂರೇ ಜಿಲ್ಲೆಗಳಲ್ಲಿ ಮಾಡಬಹುದು. ಸ್ಟಿಲ್ಟನ್ ಎಂಬ ಊರು ಇರುವುದು ಕೇಂಬ್ರಿಡ್ಜ್‌ಶೈರಿನಲ್ಲಿ, ಹಾಗಾಗಿ ಆ ಊರಿನವರೇ ಆ ಹೆಸರಿನ ಚೀಸ್ ಮಾಡುವಂತಿಲ್ಲ! ಯಾವ ಚೀಸ್ ಕೊಂಡರೂ ಹಾಲು ಒಡೆಯಲು ಬಳಸುವ ರೆನೆಟ್ ಕರುವಿನ ಹೊಟ್ಟೆಯದೋ ಅಲ್ಲವೋ ನೋಡಿಕೊಳ್ಳಿ. ಸೂಪರ್‌ಮಾರ್ಕೆಟ್ ಚೆಡ್ಡಾರ್‌ಗಳಲ್ಲಿ ಹೆಚ್ಚಿನವು ಸಸ್ಯಾಹಾರಿಗಳಿಗೆ ಸರಿ, ಪೊಟ್ಟಣದ ಮೇಲೆ ಬರೆದಿರುತ್ತದೆ.

ವುಸ್ಟರ್ ಸಾಸ್‌ನಲ್ಲೂ ಎಚ್‌ಪಿ ಸಾಸ್‌ನಲ್ಲೂ ಹುಣಸೆ ಇದೆ, ಅದಕ್ಕೇ ನಮ್ಮ ನಾಲಿಗೆಗೆ ಬೇಗ ಹಿಡಿಸುತ್ತವೆ. ಆದರೆ ಲೀ ಅಂಡ್ ಪೆರಿನ್ಸ್ ವುಸ್ಟರ್ ಸಾಸ್‌ನಲ್ಲಿ ಆಂಚೊವಿ ಮೀನೂ ಇದೆ. ಪಬ್ಬಿನ ಚೀಸ್ ಟೋಸ್ಟಿನ ಮೇಲೆ ಅದನ್ನೇ ನಾಲ್ಕು ಹನಿ ಚಿಮುಕಿಸುತ್ತಾರೆ.

ನೈಋತ್ಯ

ಕಾರ್ನಿಷ್ ಪ್ಯಾಸ್ಟಿ (ಕರಿಗಡುಬಿನಂತೆ ಮಡಚಿ ಬೇಯಿಸಿದ ಪೈ) ಎಂಬ ಹೆಸರಿಗೆ 2011ರಿಂದ ರಕ್ಷಣೆ ಇದೆ: ದನದ ಮಾಂಸ, ಆಲೂಗಡ್ಡೆ, ಸ್ವೀಡ್ ಗಡ್ಡೆ, ಈರುಳ್ಳಿ ಇರಲೇಬೇಕು. ಆ ಹೆಸರಿನದನ್ನು ಬೀಫ್ ತಿನ್ನದವರು ಬಿಟ್ಟು, ಪಕ್ಕದಲ್ಲೇ ಇರುವ ಚೀಸ್-ಈರುಳ್ಳಿಯದನ್ನು ಕೊಳ್ಳಿ. ಸ್ಕೋನ್ ಎಂಬ ಪುಟ್ಟ ಬನ್ನು, ಜಾಮ್, ಗಟ್ಟಿ ಕೆನೆ, ಚಹಾ ಸೇರಿದ ಕ್ರೀಮ್ ಟೀ ಎಲ್ಲರಿಗೂ ಇಷ್ಟವಾಗುತ್ತದೆ, ಸ್ಕೋನ್ ಹಿಟ್ಟಿಗೆ ಮೊಟ್ಟೆ ಹಾಕಿದ್ದಾರೆಯೇ, ಮೇಲೆ ಸವರಿದ್ದಾರೆಯೇ ಎಂದಷ್ಟೇ ಕೇಳಬೇಕು. ಡೆವನ್‌ನವರು ಕೆನೆ ಮೊದಲು ಹಚ್ಚುತ್ತಾರೆ, ಕಾರ್ನ್‌ವಾಲ್‌ನವರು ಜಾಮ್ ಮೊದಲು. ಆ ಜಗಳದಲ್ಲಿ ಸಂಘದ ನಿಲುವು ತಟಸ್ಥ.

ಮೊಟ್ಟೆ ತಿನ್ನದವರ ಸಿಹಿ

ಕ್ರಂಬಲ್ ಹೆಸರು ಬರೆದಿಟ್ಟುಕೊಳ್ಳಿ. ಬೇಯಿಸಿದ ಸೇಬು ಅಥವಾ ರೂಬಾರ್ಬ್ ಮೇಲೆ ಮೈದಾ, ಬೆಣ್ಣೆ, ಸಕ್ಕರೆಯ ಪುಡಿಪುಡಿ ಪದರ. ಮೊಟ್ಟೆಗೆ ಕೆಲಸವೇ ಇಲ್ಲ. ಜೊತೆಗೆ ಕಸ್ಟರ್ಡ್. ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ 1837ರಲ್ಲಿ ಕಸ್ಟರ್ಡ್ ಪುಡಿ ಮಾಡಿದ್ದೇ ಹೆಂಡತಿಗೆ ಮೊಟ್ಟೆ ಒಗ್ಗುವುದಿಲ್ಲವೆಂದು, ಮೆಕ್ಕೆಜೋಳದ ಹಿಟ್ಟಿನಿಂದ. ನಮ್ಮೂರ ಮದುವೆಮನೆಯ ಫ್ರೂಟ್ ಸಲಾಡಿನ ಕಸ್ಟರ್ಡೂ ಇಂಥ ಪುಡಿಯದ್ದೇ. ದೊಡ್ಡ ಹೋಟೆಲುಗಳಲ್ಲಿ ಮಾತ್ರ ಮೊಟ್ಟೆಯ ಹಳದಿಯಿಂದ ಮಾಡುತ್ತಾರೆ, ಪುಡಿಯದೋ ಎಂದು ಕೇಳಿ. ಜೆಲ್ಲಿ, ಟ್ರೈಫಲ್, ಮಾರ್ಷ್‌ಮೆಲೋಗಳಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ.

ಕ್ರಿಸ್‌ಮಸ್ ಪುಡ್ಡಿಂಗ್, ಮಿನ್ಸ್ ಪೈಗಳಲ್ಲಿ ಮಾಂಸ ಇಲ್ಲ, ಆದರೆ ಸಾಂಪ್ರದಾಯಿಕವಾಗಿ ಸೂಯೆಟ್ ಇದೆ. ಈಗ ಸಸ್ಯದ ಸೂಯೆಟ್ ಹಾಕಿದವೂ ಧಾರಾಳವಾಗಿ ಸಿಗುತ್ತವೆ. ಬ್ರಾಂಡಿ ಇದ್ದೀತು, ಬೇಡದವರು ನೋಡಿ.

ಶಾಲೆ, ಪಬ್, ಸ್ನೇಹಿತರ ಮನೆ

ಸರ್ಕಾರಿ ಶಾಲೆಗಳಲ್ಲಿ ರಿಸೆಪ್ಷನ್ (ಒಂದನೇ ತರಗತಿಗೆ ಹಿಂದಿನ ವರ್ಷ), ಮೊದಲ, ಎರಡನೇ ತರಗತಿಯ ಎಲ್ಲ ಮಕ್ಕಳಿಗೂ 2014ರಿಂದ ಮಧ್ಯಾಹ್ನದ ಊಟ ಉಚಿತ. ಅರ್ಜಿಯಲ್ಲಿ 'ವೆಜಿಟೇರಿಯನ್' ಎಂದಷ್ಟೇ ಬರೆದರೆ ಮೊಟ್ಟೆ ಬಡಿಸುತ್ತಾರೆ. ಮಾಂಸ, ಮೀನು, ಮೊಟ್ಟೆ, ಜೆಲಟಿನ್ ಇವುಗಳಲ್ಲಿ ಯಾವುದು ಬೇಡವೋ ಒಂದೊಂದಾಗಿ ಬರೆಯಿರಿ.

ಪಬ್ ಎಂದರೆ ಕುಡಿಯುವ ಜಾಗ ಎಂದು ಹಿಂಜರಿಯಬೇಡಿ, ಭಾನುವಾರ ಮಧ್ಯಾಹ್ನ ಅಲ್ಲಿ ಅಜ್ಜಿ ಮೊಮ್ಮಕ್ಕಳೆಲ್ಲ ಇರುತ್ತಾರೆ. ಟೇಬಲ್ ಮೊದಲೇ ಕಾದಿರಿಸಿ, ಬಹಳಷ್ಟು ಕಡೆ ಸಂಜೆಗೆ ಅಡುಗೆಮನೆ ಮುಚ್ಚಿಬಿಡುತ್ತದೆ. ಮಾಂಸದ ಬದಲು ಬೀಜಗಳಿಂದ ಮಾಡಿದ ನಟ್ ರೋಸ್ಟ್ ಕೇಳಿದರೂ ಪಕ್ಕದ ಆಲೂಗಡ್ಡೆ ಬಾತುಕೋಳಿ ಕೊಬ್ಬಿನಲ್ಲಿ ಹುರಿದದ್ದಿರಬಹುದು, ಗ್ರೇವಿ ಮಾಂಸದ್ದಿರಬಹುದು. ತಟ್ಟೆಯ ಮೇಲಿನ ಒಂದೊಂದನ್ನೂ ಬೇರೆ ಬೇರೆ ಕೇಳಿ.

ಉತ್ತರದ ಊರುಗಳಲ್ಲಿ ಮಗುವಿನ ಗೆಳೆಯನ ಮನೆಯವರು "ಟೀಗೆ ಕಳಿಸಿ" ಎಂದರೆ ಅದು ಸಂಜೆ ಐದರ ಸುಮಾರಿನ ಊಟ. ಉಪ್ಪಿಟ್ಟು ತಿನ್ನಿಸಿ ಕಳಿಸಬೇಡಿ, ಮತ್ತು ಮಗು ಏನು ತಿನ್ನುವುದಿಲ್ಲ ಎಂಬುದನ್ನು ಹಿಂದಿನ ದಿನವೇ ಮೆಸೇಜ್ ಮಾಡಿ. ನೀವು ಹೇಳದಿದ್ದರೆ ಫಿಶ್ ಫಿಂಗರ್ಸ್ ಗ್ಯಾರಂಟಿ.