ತೂಬಿನ ಸುತ್ತ ಗದ್ದೆಗಳ ಹೆಸರು

ಲಿನೋ ಎಂಬ ಮೆತ್ತನೆಯ ಹಾಳೆಯಲ್ಲಿ ಚಿತ್ರ ಕೊರೆದು ಅಚ್ಚು ತೆಗೆಯುವ ನಾನು ಬಹಳ ಕಾಲ ಬರಹವನ್ನು ಚಿತ್ರದ ಅಡಿಯಲ್ಲೇ ಇಡುತ್ತಿದ್ದೆ. ನಮ್ಮೂರ ಕೆರೆಯನ್ನು ಕೊರೆದಾಗಲೂ ಬಿರುಕುಬಿಟ್ಟ ಕೆರೆಯಂಗಳದ ಕೆಳಗೆ ‘ಕೆರೆ ಬತ್ತಿತು’ ಎಂದು ಬರೆದಿದ್ದೆ. ಕಣ್ಣು ಆಗಲೇ ಕಂಡದ್ದನ್ನು ಅಕ್ಷರವೂ ಹೇಳುತ್ತಿದೆ ಎಂಬುದು ಮೊದಲ ಪ್ರತಿ ಒಣಗಿದಾಗ ಅರಿವಾಗಿ ಬಹಳ ಬೇಸರವಾಯಿತು.

ನನಗೆ ದಾರಿ ತೋರಿದ್ದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಶಿಲ್ಪವೂ ಶಾಸನವೂ ಇರುವ ಆತಕೂರು ಕಲ್ಲು. ಅದರ ಶಿಲ್ಪದಲ್ಲಿರುವುದು ಕಾಳಿ ಎಂಬ ನಾಯಿ ಮತ್ತು ಕಾಡುಹಂದಿಯ ಕಾಳಗ ಮಾತ್ರ. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ 949ರ ತಕ್ಕೋಲದ ಯುದ್ಧ, ಆ ನಾಯಿಯನ್ನು ಬೇಡಿ ಪಡೆದ ಮಣಲೆರನೆಂಬ ವೀರ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತದ್ದು, ಇವೆಲ್ಲ ಇರುವುದು ಅಕ್ಷರದಲ್ಲಿ. ಅಷ್ಟು ದೊಡ್ಡ ಯುದ್ಧವನ್ನು ಬರಹಕ್ಕೆ ಬಿಟ್ಟು ಒಂದು ನಾಯಿಯನ್ನು ಚಿತ್ರಕ್ಕೆ ಆರಿಸಿಕೊಂಡ ಆ ಶಿಲ್ಪಿಯ ವಿವೇಕಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ.

ಊರಿಗೆ ಮರಳಿ ಹೊಸ ಹಾಳೆ ತೆಗೆದುಕೊಂಡೆ. ಈ ಸಲ ಬತ್ತಿದ ಕೆರೆಯನ್ನು ಬಿಟ್ಟು ತೂಬಿನ ಎರಡು ಕಲ್ಲುಕಂಬಗಳನ್ನಷ್ಟೇ ಕೊರೆದು, ಅಲ್ಲಿಂದ ನೀರು ಹರಿಯುತ್ತಿದ್ದ ಗದ್ದೆಗಳ ಹೆಸರುಗಳನ್ನು ಕಾಲುವೆಯಂತೆ ಸುತ್ತಲೂ ಹರಿಸಿದೆ. ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದರಿಂದ ಟ್ರೇಸಿಂಗ್ ಹಾಳೆಯಲ್ಲಿ ಬರೆದು, ಅದನ್ನು ಮಗುಚಿ, ಕಾರ್ಬನ್ ಇಟ್ಟು ತಿದ್ದಬೇಕು. ಕೊರೆದ ಜಾಗಕ್ಕೆ ಶಾಯಿ ತಗಲದ ಕಾರಣ, ಅಕ್ಷರವನ್ನೇ ಕೊರೆದರೆ ಅದು ಕಪ್ಪಿನ ನಡುವೆ ಬಿಳಿಯಾಗಿ ಮೂಡುತ್ತದೆ. ನಾನು ಆರಿಸಿದ್ದು ಆ ಕ್ರಮವನ್ನೇ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿದು ಮುಂದಿನ ಸಾಲಿನ ತಲೆಕಟ್ಟಿಗೆ ತಗಲುತ್ತದೆ. ಮೊದಲು ಸಾಲುಗಳನ್ನು ದೂರ ಮಾಡಿ ನೋಡಿದೆ, ಆದರೆ ಹರಿವು ಕಡಿದುಹೋಯಿತು. ಕೊನೆಗೆ ‘ಗದ್ದೆ’ಯ ಒತ್ತುಗಳು ಕಂಬದ ಅಂಚಿನೊಳಕ್ಕೆ ಚಾಚಿಕೊಳ್ಳಲು ಬಿಟ್ಟೆ. ಕಲ್ಲಿಗೆ ನೀರು ಬಡಿದಂತೆ ಕಂಡ ಆ ಜಾಗವೇ ಇಡೀ ಹಾಳೆಯಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು.

ಒಂದು ಕಡೆ ಮಾತ್ರ ಎಡವಿದೆ. ‘ಮಠದ ಗದ್ದೆ’ಯ ಠಕಾರದೊಳಗಿನ ಚುಕ್ಕೆಗೆ ಶಾಯಿ ತುಂಬಿಕೊಂಡು ಅದು ‘ಮರದ ಗದ್ದೆ’ಯಾಯಿತು. ಚಿತ್ರದಲ್ಲಿ ಒಂದು ಚುಕ್ಕೆ ಮಾಸಿದರೆ ಎಷ್ಟೋ ಸಲ ಗೊತ್ತಾಗುವುದಿಲ್ಲ, ಇಲ್ಲಿ ಒಂದು ಗದ್ದೆಯೇ ಇಲ್ಲವಾಗುತ್ತದೆ. ದಬ್ಬಳದಿಂದ ಕುಳಿಯನ್ನು ಆಳ ಮಾಡಿ, ರೋಲರಿಗೆ ಶಾಯಿ ಕಡಿಮೆ ಹಚ್ಚಿ ಮತ್ತೆ ತೆಗೆದೆ.

ಊರಿನ ಹಿರಿಯ ರೈತರೊಬ್ಬರಿಗೆ ಪ್ರತಿ ತೋರಿಸಿದಾಗ ಅವರು ಸಾಲಿನ ಮೇಲೆ ಬೆರಳಾಡಿಸುತ್ತ ತೂಬಿನ ಸುತ್ತ ಬಂದು, “ಬೇವಿನಕಟ್ಟೆ ಗದ್ದೆ ಎಲ್ಲಪ್ಪಾ?” ಎಂದು ಕೇಳಿದರು. ಎಡ ಮೂಲೆಯಲ್ಲಿ ಕೊರೆಯದೆ ಉಳಿಸಿದ್ದ ಕಪ್ಪಿನಲ್ಲಿ ಆ ಹೆಸರಿಗೆ ಜಾಗವಿತ್ತು. ನಂತರ ತೆಗೆದ ಪ್ರತಿಗಳಲ್ಲಿ ಅದೂ ಇದೆ.