ಹಲಗೆ ಲೂಪ್ ಹಿಡಿದು ಹೌಸ್ ಹಚ್ಚುವುದು: ನನ್ನ ಅನುಭವ

ಬಳ್ಳಾರಿ, ಸಿರುಗುಪ್ಪ, ಗಂಗಾವತಿ ಕಡೆ ಲಗ್ನದ ಡಿಜೆ ಸ್ಟೇಜಿನಲ್ಲಿ ಮಾತಿಲ್ಲದ ಹೌಸ್ (ಒಂದೇ ಸಮ ಪೆಟ್ಟಿನ ಎಲೆಕ್ಟ್ರಾನಿಕ್ ಕುಣಿತದ ಸಂಗೀತ) ಹಚ್ಚಿದರೆ ಮಂದಿ ನಿಲ್ಲೋದಿಲ್ಲ ಅಂತ ಸೌಂಡಿನವರೆಲ್ಲ ಒಂದೇ ರಾಗ ಹಾಡುತ್ತಿದ್ದರು. "ತಮ್ಮಾ, ಜಾನಪದ ಹಚ್ಚು, ತೆಲುಗು ಹಚ್ಚು. ಇಲ್ಲಾಂದ್ರ ಊಟಕ್ಕ ಎದ್ದು ಹೋಗ್ತಾರ." ಈಗ ಅರ್ಧ ಗಂಟೆಗೂ ಮೀರಿ ಬರೀ ಹೌಸ್ ಓಡಿದರೂ ಮಂದಿ ಕುಣಿಯುತ್ತಾರೆ. ಅದೇ ಸೌಂಡಿನವರು ಈಗ "ಆ ಲೂಪ್ ಪೆನ್‌ಡ್ರೈವಿಗೆ ಹಾಕಿಕೊಡು" ಅನ್ನುತ್ತಾರೆ. ಜಾನಪದದಿಂದ ಹೌಸ್‌ಗೆ ನೇರ ಹಾರಬಾರದು, ನಡುವೆ ಹಲಗೆಯ (ತಮಟೆಯಂಥ ಚರ್ಮದ ವಾದ್ಯ) ಲೂಪ್, ಅಂದರೆ ಮತ್ತೆ ಮತ್ತೆ ತಿರುಗುವ ತುಣುಕು, ಇರಬೇಕು, ಕೆಲಸ ಇಷ್ಟೇ. ಕ್ಯೂ (ಹಾಡು ಶುರು ಮಾಡುವ ಗುರುತು), ಬೀಟ್‌ಗ್ರಿಡ್ (ಹಾಡಿನ ಮೇಲೆ ಪೆಟ್ಟುಗಳ ಗೆರೆ), ಇಕ್ಯೂ (ಬೇಸ್, ಹೈ ಬೇರೆ ಬೇರೆ ಏರಿಳಿಸುವ ಗುಂಡಿ) ಗೊತ್ತಿರುವವರಿಗೆ ಬರೆಯುತ್ತಿದ್ದೇನೆ, ಅವನ್ನು ಇದಕ್ಕಿಂತ ವಿವರಿಸುವುದಿಲ್ಲ. ರೇಟುಗಳೆಲ್ಲ ಆಗಿನವು, ನೆನಪಿದ್ದಷ್ಟು.

ಮೊದಲು ರೊಕ್ಕದ ಮಾತು. ಹೊಸ ಡಿಜೆ ಕಂಟ್ರೋಲರ್ (ಲ್ಯಾಪ್‌ಟಾಪಿಗೆ ಸೇರಿಸಿ ಹಾಡು ಬೆರೆಸುವ ಯಂತ್ರ) ಡಿಡಿಜೆ-ಎಫ್‌ಎಲ್‌ಎಕ್ಸ್4 ಮೂವತ್ತು ಸಾವಿರದ ಆಜುಬಾಜು ಇತ್ತು. ಸೆಕೆಂಡ್‌ಹ್ಯಾಂಡ್ ಡಿಡಿಜೆ-400 ಸುಮಾರು 16,000ಕ್ಕೆ ಸಿಕ್ಕಿತು, ಕಲಿಯಲು ಅದು ಧಾರಾಳ. ಹಳೆಯದು ಕೊಳ್ಳುವಾಗ ಲೈಟ್ ಹತ್ತುತ್ತದಾ ಅಂತ ನೋಡಿ ತರಬೇಡಿ. ಟೆಂಪೊ ಫೇಡರ್ (ವೇಗ ಏರಿಳಿಸುವ ಜಾರುಗುಂಡಿ) ಒಂದೇ ಜಾಗದಲ್ಲಿ ಬಿಟ್ಟಾಗ ಬಿಪಿಎಂ (ನಿಮಿಷಕ್ಕೆ ಎಷ್ಟು ಪೆಟ್ಟು) ಅಂಕಿ ತಾನೇ ಅಲುಗಾಡಿದರೆ ಫೇಡರ್ ಸವೆದಿದೆ ಎಂದರ್ಥ. ಹೆಡ್‌ಫೋನ್ ಪಿನ್ ತಿರುಗಿಸಿ ಒಂದು ಕಿವಿ ಸತ್ತರೆ ಸಾಕೆಟ್ ಸೋಲ್ಡರ್ ಬಿಟ್ಟಿದೆ, ಅದು ಮುನ್ನೂರು ರೂಪಾಯಿಯ ಕೆಲಸ. ಯುಎಸ್‌ಬಿ ಪೋರ್ಟ್ ಸಡಿಲ ಇದ್ದರೆ ಮಾತ್ರ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ, ಕುಣಿತದ ನಡುವೆ ಇಡೀ ಸೌಂಡ್ ನಿಲ್ಲುತ್ತದೆ. ಇನ್ನೂ ಅಗ್ಗ ಅಂತ ಡಿಡಿಜೆ-200 ಕಡೆ ಹೋಗುವವರಿದ್ದಾರೆ. ಅದರಲ್ಲಿ ಸೌಂಡ್ ಕಾರ್ಡೇ ಇಲ್ಲ. ಸ್ಪ್ಲಿಟರ್ ಕೇಬಲ್ ಹಾಕಿ ಒಂದು ಚಾನಲ್ ಹೆಡ್‌ಫೋನಿಗೆ, ಇನ್ನೊಂದು ಸ್ಪೀಕರಿಗೆ ಹಂಚಬೇಕು. ಮನೆಯಲ್ಲಿ ನಡೆಯುತ್ತದೆ, ಸ್ಟೇಜಿನಲ್ಲಿ ಕೈಕೊಡುತ್ತದೆ.

ಲ್ಯಾಪ್‌ಟಾಪ್ ಎಂಟನೇ ಜನರೇಶನ್ ಐ5, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಅದೂ ಹಳೆಯದೇ, 19,000. ಹೆಡ್‌ಫೋನ್ 4,500. ವಯರು, ಪಿನ್ನು, ಸ್ಟ್ಯಾಂಡ್ ಸೇರಿ ಒಂದೂವರೆ ಸಾವಿರ. ಹಾಡು ಕೊಂಡಿದ್ದಕ್ಕೆ ಆರು ಸಾವಿರ. ಒಟ್ಟು 47 ಸಾವಿರ ಇರಬಹುದು. ಸೌಂಡ್ ಮಾಲೀಕರ ಜೊತೆ ಆಪರೇಟರ್ ಆಗಿ ಹೋದರೆ ರಾತ್ರಿಗೆ 2,000–2,500, ಹಳದಿ ಕಾರ್ಯಕ್ರಮಕ್ಕೆ ಸ್ವಂತ ಕರೆ ಬಂದರೆ ಐದಾರು ಸಾವಿರ. ಅಸಲು ಬರಲು ಒಂದೆರಡು ಲಗ್ನದ ಸೀಸನ್ ಬೇಕು. ಬೇಗ ಬರುತ್ತದೆ ಅನ್ನುವವರು ಪೆಟ್ರೋಲ್ ಲೆಕ್ಕ ಬಿಟ್ಟಿರುತ್ತಾರೆ.

ಹಾಡಿಗೆ ಯಾಕೆ ರೊಕ್ಕ ಅಂತ ನಗುತ್ತಾರೆ. ಯೂಟ್ಯೂಬಿನಿಂದ ಇಳಿಸಿದ ಫೈಲನ್ನು ಸದ್ದಿನ ಚಿತ್ರ ತೋರಿಸುವ ಸ್ಪೆಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿ. ಹೆಸರಿಗೆ 320 ಕೆಬಿಪಿಎಸ್ ಇದ್ದರೂ ಸದ್ದು 16 ಕಿಲೋಹರ್ಟ್ಸ್ ಹತ್ತಿರ ಕತ್ತರಿಸಿದಂತೆ ನಿಂತಿರುತ್ತದೆ. ಫೋನಿನಲ್ಲಿ ಗೊತ್ತಾಗುವುದಿಲ್ಲ. ಹಾರ್ನ್ ಬಾಕ್ಸಿನಲ್ಲಿ ತಾಳದ ಸದ್ದು ಒಡೆದ ಗಾಜಿನಂತೆ ಕಿವಿಗೆ ಚುಚ್ಚುತ್ತದೆ. ಹಾಡು ಮಾರುವ ಬ್ಯಾಂಡ್‌ಕ್ಯಾಂಪ್, ಬೀಟ್‌ಪೋರ್ಟ್ ತಾಣಗಳಲ್ಲಿ ಹಾಡಿಗೆ ನೂರು, ನೂರೈವತ್ತು ಬೀಳುತ್ತಿತ್ತು. ಐದು ಸಾವಿರ ಹಾಡು ತುಂಬಿಕೊಳ್ಳುವುದಕ್ಕಿಂತ ಎಲ್ಲಿ ಬೇಸ್ ಬೀಳುತ್ತದೆ, ಎಲ್ಲಿ ಖಾಲಿ ಇದೆ ಎಂದು ಬಾಯಿಪಾಠ ಇರುವ ಅರವತ್ತು ಹಾಡು ಸಾಕು.

ಬಿಸಿಲು ನಮ್ಮ ಕಡೆಯ ದೊಡ್ಡ ಶತ್ರು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಲ್ಯಾಪ್‌ಟಾಪ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಸೌಂಡ್ ಟಕ್ ಟಕ್ ಅಂತ ತುಂಡಾಗುತ್ತದೆ. ಬಫರ್ (ಸದ್ದನ್ನು ಮುಂಚೆಯೇ ಕೂಡಿಟ್ಟುಕೊಳ್ಳುವ ಅಳತೆ) 256ರಲ್ಲಿ ಇದ್ದರೆ 1024ಕ್ಕೆ ಏರಿಸಿ. ವಿಳಂಬ 6 ಮಿಲಿಸೆಕೆಂಡಿನಿಂದ 23ಕ್ಕೆ ಹೋಗುತ್ತದೆ. ಸ್ಕ್ರ್ಯಾಚ್ ಮಾಡುವವರಿಗೆ ತೊಂದರೆ, ಮಿಕ್ಸ್ ಮಾಡುವವರಿಗೆ ಏನೂ ಆಗುವುದಿಲ್ಲ. ವೈಫೈ, ಬ್ಲೂಟೂತ್ ಆಫ್. ಪವರ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನು ಆಫ್ ಮಾಡದಿದ್ದರೆ ಕಂಟ್ರೋಲರ್ ನಡುನಡುವೆ ಮಲಗುವ ಸಾಧ್ಯತೆ ಇರುತ್ತದೆ. ಸಂಡೂರು ಕಡೆ ಹೋದರೆ ಕೆಂಪು ಧೂಳು ಬೇರೆ, ಫೇಡರಿನೊಳಗೆ ಹೊಕ್ಕರೆ ಕರಕರ ಶುರು. ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಬಿಟ್ಟು ಇಪ್ಪತ್ತು ಸಲ ಮೇಲೆ ಕೆಳಗೆ ಎಳೆದರೆ ಹೋಗುತ್ತದೆ. ಬಾಗಿಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ, ಅದರ ಜಿಡ್ಡಿಗೆ ಇನ್ನಷ್ಟು ಧೂಳು ಅಂಟುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಬರವಿಲ್ಲ. ಉಳಿದ ಡೆನಿಮ್ ತುಂಡಿನಲ್ಲಿ ಅಳತೆ ಕೊಟ್ಟು ಹೊಲಿಸಿದ ಕವರಿಗೆ 250 ರೂಪಾಯಿ. ಮಾರ್ಕೆಟ್ಟಿನ ಎರಡು ಸಾವಿರದ ಬ್ಯಾಗಿಗಿಂತ ಗಟ್ಟಿ.

ಇನ್ನು ವಯರಿಂಗ್. ಕಂಟ್ರೋಲರಿನಿಂದ ಬರುವುದು ಆರ್‌ಸಿಎ (ಟಿವಿಯ ಕೆಂಪು-ಬಿಳಿ ಪಿನ್ನಿನಂಥದು), ಸೌಂಡಿನವರ ಮಿಕ್ಸರಿನಲ್ಲಿ ಇರುವುದು ಪಿ-38 (ಮೈಕಿನ ದಪ್ಪ ಪಿನ್ನಿನ) ಸಾಕೆಟ್. ಎರಡು ಮೊನೊ ಪಿ-38 ಇರುವ ಮೂರು ಮೀಟರ್ ವಯರ್ ನೀವೇ ಸೋಲ್ಡರ್ ಮಾಡಿ ಇಟ್ಟುಕೊಳ್ಳಿ, ಅಲ್ಲಿ ಹೋಗಿ ಕೇಳಬೇಡಿ. ನಮ್ಮ ಕಡೆಯ ಆಂಪ್ಲಿಫೈಯರ್ ಹೆಚ್ಚಿನವು ಮೊನೊ, ಎಡ ಬಲ ಬೇರೆ ಇಲ್ಲ. ಒಂದೇ ತೂತು ಇದ್ದಾಗ ಎಡ ಬಲ ಎರಡನ್ನೂ ತಿರುಚಿ ಒಂದೇ ಪಿನ್ನಿಗೆ ಸೇರಿಸುತ್ತಾರೆ. ಒಂದರ ಔಟ್‌ಪುಟ್ ಇನ್ನೊಂದರ ಮೇಲೆ ಬಿದ್ದು ಸದ್ದು ಒಡೆಯುತ್ತದೆ. ಸೇರಿಸಲೇಬೇಕಾದರೆ ಒಂದೊಂದು ಕಾಲಿಗೆ 1 ಕಿಲೋಓಮ್ ರೆಸಿಸ್ಟರ್ ಪಿನ್ನಿನ ಒಳಗೇ ಕೂರಿಸಿ. ಸಾಫ್ಟ್‌ವೇರಿನಲ್ಲೇ ಔಟ್‌ಪುಟ್ ಮೊನೊ ಮಾಡಿ ಒಂದೇ ವಯರ್ ಕೊಡುವುದು ಅದಕ್ಕಿಂತ ಒಳ್ಳೆಯದು. ಮಿಕ್ಸ್ಎಕ್ಸ್ಎಕ್ಸ್ (Mixxx) ಎಂಬ ಉಚಿತ ಡಿಜೆ ಸಾಫ್ಟ್‌ವೇರಿನಲ್ಲಿ ಸೌಂಡ್ ಹಾರ್ಡ್‌ವೇರ್ ಸೆಟ್ಟಿಂಗಿನಲ್ಲಿ ಅದಕ್ಕೆ ಜಾಗ ಇದೆ. ಅಗಲವಾದ ಸಿಂಥ್ ಇರುವ ಕೆಲವು ಹಾಡು ಮೊನೊದಲ್ಲಿ ಅರ್ಧ ಮಾಯ ಆಗುತ್ತವೆ. ಮನೆಯಲ್ಲೇ ಕೇಳಿ ಅಂಥವನ್ನು ತೆಗೆದುಹಾಕಿ.

ಗುಂಯ್ ಅನ್ನುವ ಹಮ್ ಬಂದರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಿಂತರೆ ಅರ್ಥಿಂಗ್ ಲೂಪ್, ಅಂದರೆ ಎರಡು ಕಡೆಯಿಂದ ಅರ್ಥ್ ಸೇರಿದ ತೊಂದರೆ. ಅರ್ಥ್ ಪಿನ್ ಮುರಿಯುವ ನಮ್ಮೂರಿನ ಮದ್ದು ಮಾತ್ರ ಬೇಡ, ಜನರೇಟರ್ ಮೇಲೆ ಓಡುವ ಲೈನಿನಲ್ಲಿ ಅದು ಜೀವಕ್ಕೇ ಅಪಾಯ. ಮುನ್ನೂರು ರೂಪಾಯಿಯ ಐಸೊಲೇಟರ್ ಹಮ್ ನಿಲ್ಲಿಸುತ್ತದೆ, ಜೊತೆಗೆ ಕಿಕ್ಕಿನ (ಧಂ ಅನ್ನುವ ಬೇಸ್ ಡ್ರಮ್ಮಿನ ಪೆಟ್ಟು) ತೂಕವನ್ನೂ ತಿನ್ನುತ್ತದೆ. ಒಳಗಿನ ಟ್ರಾನ್ಸ್‌ಫಾರ್ಮರ್ ಚಿಕ್ಕದು, ಕೆಳಗಿನ ಬೇಸ್ ತಡೆಯುವುದಿಲ್ಲ. ಸಾವಿರದೈನೂರರ ಡಿಐ ಬಾಕ್ಸ್ (ಅದೇ ಕೆಲಸಕ್ಕೆ ಇನ್ನೂ ಒಳ್ಳೆಯ ಡಬ್ಬಿ) ತನಕ ಹೋಗಿ.

ಈಗ ಅಸಲು ವಿಷಯ. ನಮ್ಮ ಜಾನಪದ ಹಾಡುಗಳಲ್ಲಿ ಕುಣಿಸುವಂಥವು ಬಹಳಷ್ಟು ತಿಶ್ರ ನಡೆಯವು, ಒಂದು ಪೆಟ್ಟಿನೊಳಗೆ ಮೂರು ಎಣಿಕೆ. ಹೌಸ್ ಚತುರಶ್ರ, ಒಂದು ಪೆಟ್ಟಿನೊಳಗೆ ನಾಲ್ಕು. ಸಾಫ್ಟ್‌ವೇರಿಗೆ ಇದು ತಿಳಿಯುವುದಿಲ್ಲ. ನಿಜವಾಗಿ 112 ಇರುವ ಹಾಡಿಗೆ 84 ಅಥವಾ 168 ತೋರಿಸುತ್ತದೆ. ಸಿಂಕ್ (ಎರಡು ಹಾಡಿನ ವೇಗ ತಾನೇ ಕೂಡಿಸುವ ಬಟನ್) ಒತ್ತಿದರೆ ಎಲ್ಲ ಕಲಸುಮೇಲೋಗರ, ಅಲ್ಲಿಗೇ ಹೊಸಬರು "ಜಾನಪದಕ್ಕೆ ಹೌಸ್ ಕೂಡೋದಿಲ್ಲ" ಅಂತ ಕೈಬಿಡುತ್ತಾರೆ. ಮಿಕ್ಸ್ಎಕ್ಸ್ಎಕ್ಸ್‌ನಲ್ಲಿ ಬಿಪಿಎಂ ಮೆನು ತೆರೆದರೆ 4/3, 2/3 ಎಂದೇ ಆಯ್ಕೆ ಇವೆ. 84ಕ್ಕೆ 4/3 ಹಾಕಿ, 168ಕ್ಕೆ 2/3 ಹಾಕಿ, ಎರಡೂ 112ಕ್ಕೆ ಬರುತ್ತವೆ. ಇನ್ನೊಂದು ಡಿಜೆ ಸಾಫ್ಟ್‌ವೇರ್ ರೆಕಾರ್ಡ್‌ಬಾಕ್ಸಿನಲ್ಲಿ ದುಪ್ಪಟ್ಟು, ಅರ್ಧ ಮಾತ್ರ ಬಟನ್, ಉಳಿದದ್ದು ಕೈಯಿಂದ ಟೈಪ್ ಮಾಡಬೇಕು. ಉಚಿತ ಸಾಫ್ಟ್‌ವೇರ್ ಅಂತ ಮೂಗು ಮುರಿಯುವವರು ಈ ಒಂದು ಮೆನುವಿಗಾದರೂ ಅದನ್ನು ಇಟ್ಟುಕೊಳ್ಳಲಿ. ಡಿಡಿಜೆ-400ರ ಮ್ಯಾಪಿಂಗ್ (ಯಾವ ಬಟನ್ ಏನು ಮಾಡಬೇಕು ಎಂಬ ಫೈಲ್) ಅದರಲ್ಲೇ ಬರುತ್ತದೆ.

ಎರಡನೇ ತೊಡಕು, ಕ್ಯಾಸೆಟ್ ಕಾಲದ ರೆಕಾರ್ಡಿಂಗಿನಲ್ಲಿ ಬಾರಿಸುವವರ ಕೈ ಹಾಡಿನ ಕೊನೆಗೆ ಮೂರು ನಾಲ್ಕು ಬಿಪಿಎಂ ಮುಂದೆ ಓಡಿರುತ್ತದೆ. ಮೂರನೆಯದು ಶ್ರುತಿ. ಟೇಪಿನ ಸ್ಪೀಡ್ ಹೆಚ್ಚುಕಡಿಮೆ ಆಗಿ ಹಾಡು ಎರಡು ಸ್ವರಗಳ ನಡುವೆ ನಿಂತಿರುತ್ತದೆ, ಕ್ಯಾಮೆಲಾಟ್ ಚಕ್ರ (ಯಾವ ಶ್ರುತಿಗೆ ಯಾವುದು ಹೊಂದುತ್ತದೆ ಎಂಬ ಪಟ್ಟಿ) ನೋಡಿ ಕೀ ಕೂಡಿಸುವ ವಿದ್ಯೆ ಇಲ್ಲಿ ಉಪಯೋಗಕ್ಕಿಲ್ಲ. ಹಲಗೆಗೆ ಇಂಥ ಸ್ವರ ಎಂಬುದಿಲ್ಲ, ಹಾಗಾಗಿ ಅದು ಎರಡರ ನಡುವೆಯೂ ಕೂರುತ್ತದೆ.

ಹಚ್ಚುವ ಕ್ರಮ ಹೀಗೆ. ಹಾಡಿನ ಕೊನೆಯ ಪಲ್ಲವಿಯಲ್ಲಿ ಕಂಟ್ರೋಲರಿನ ಇನ್ನೊಂದು ಡೆಕ್ಕಿನಿಂದ (ಎರಡನೇ ಹಾಡು ಓಡುವ ಬದಿ) 112ರ ಹಲಗೆ ಲೂಪ್, 8 ಪೆಟ್ಟಿನದು, ಬೇಸ್ ಪೂರ್ತಿ ಕತ್ತರಿಸಿ ಒಳಗೆ ತನ್ನಿ. 16 ಪೆಟ್ಟು ಎರಡೂ ಓಡಲಿ. ಹಾಡನ್ನು ಸಾಲು ಮುಗಿಯುವಲ್ಲಿ ತೆಗೆಯಿರಿ, ಮಧ್ಯದಲ್ಲಿ ಕತ್ತರಿಸಿದರೆ ಹಾಡುತ್ತಾ ಕುಣಿಯುವ ಹುಡುಗರು ನಿಮ್ಮ ಕಡೆ ತಿರುಗುತ್ತಾರೆ. ಈಗ ಬರೀ ಹಲಗೆ. ಟೆಂಪೊ ರೇಂಜ್ ±10ಕ್ಕೆ ಇಟ್ಟು, ಕೀಲಾಕ್ (ವೇಗ ಬದಲಾದರೂ ಶ್ರುತಿ ಹಿಡಿದಿಡುವ ಬಟನ್) ಆಫ್ ಮಾಡಿ, 112ರಿಂದ 120ಕ್ಕೆ 64 ಪೆಟ್ಟಿನಲ್ಲಿ ಏರಿಸಿ, ಅರ್ಧ ನಿಮಿಷದ ಮೇಲೆ ಸ್ವಲ್ಪ. ಕೀಲಾಕ್ ಹಾಕಿ ಹಾಡಿನ ಧ್ವನಿಯನ್ನೇ ಏಳು ಪರ್ಸೆಂಟ್ ಏರಿಸಿದರೆ ನೀರಿನೊಳಗಿಂದ ಹಾಡಿದಂತಾಗುತ್ತದೆ. ಹಲಗೆಯಲ್ಲಿ ಒಂದು ಸ್ವರಕ್ಕಿಂತ ಹೆಚ್ಚು ಏರಿದರೂ ಯಾರಿಗೂ ಅನುಮಾನ ಬರುವುದಿಲ್ಲ, ಬೆಂಕಿಗೆ ಕಾಸಿದ ಚರ್ಮ ಬಿಗಿದಾಗ ಅದು ಹಾಗೇ ಏರುತ್ತದೆ.

120 ಮುಟ್ಟಿದ ಮೇಲೆ ಹೌಸ್ ಹಾಡಿನ ಬರೀ ಕಿಕ್ ಇರುವ ಮುನ್ನುಡಿ ಕೆಳಗೆ ಬರಲಿ, ಅದರ ಹೈ ಇಕ್ಯೂ ಪೂರ್ತಿ ಇಳಿದಿರಲಿ. ಕಿಕ್ ಮಾತ್ರ ಎರಡೂ ನಡೆಗೆ ಹೊಂದುತ್ತದೆ. ಹೈಹ್ಯಾಟ್ (ಚಿಸ್ ಅನ್ನುವ ಡ್ರಮ್ಮಿನ ತಾಳ) ತೆರೆದ ಕೂಡಲೇ ಮೂರು ನಾಲ್ಕರ ಜಗಳ ಕೇಳಿಸುತ್ತದೆ. 32 ಪೆಟ್ಟು ಆದ ಮೇಲೆ, ಹೊಸ ಸಾಲಿನ ಮೊದಲ ಪೆಟ್ಟಿಗೆ ಸರಿಯಾಗಿ ಹಲಗೆಯ ಹೈ ಇಳಿಸಿ, ಹೌಸಿನ ಹೈ ಏರಿಸಿ. ಇದನ್ನು ಎರಡು ಕೈಯಿಂದ ಒಮ್ಮೆಲೇ ಮಾಡಬೇಕು. ಮೊದಲ ಹೌಸ್ ಹಾಡು ಆಫ್ರೋ ಹೌಸ್ ಆಗಿರಲಿ. ಅದರ ಡ್ರಮ್ಮುಗಳಲ್ಲಿ ಮೂರರ ಓಟ ಆಗಾಗ ಬರುತ್ತದೆ, ಹೆಚ್ಚಿನವು 118ರಿಂದ 123ರೊಳಗೇ ಇರುತ್ತವೆ. ಪಿಯಾನೊ ಹೌಸಿಗೆ ನೇರ ಹೋದಾಗ ಮಂದಿ ನಿಂತುಬಿಡುತ್ತಾರೆ. ಮೂರನೇ ಹಾಡಿನ ನಂತರ ಏನು ಹಚ್ಚಿದರೂ ನಡೆಯುತ್ತದೆ. ಹಲಗೆ ಇಳಿಸುವಾಗ ಅದರ ಮೇಲೆ ಒಂದು ಎಫೆಕ್ಟ್ ಹಾಕುತ್ತೇನೆ, ಅದರಿಂದಲೇ ಸೇತುವೆ ಗೊತ್ತಾಗದೆ ಮಾಯವಾಗುತ್ತದೆ. ಯಾವುದು ಅಂತ ಇಲ್ಲಿ ಹೇಳುವುದಿಲ್ಲ. ರಿವರ್ಬ್ ಅಲ್ಲ, ಅಷ್ಟು ಹೇಳಬಲ್ಲೆ.

ಲೂಪ್ ಎಲ್ಲಿಂದ? ಇಂಟರ್‌ನೆಟ್ಟಿನ ಸ್ಯಾಂಪಲ್ ಪ್ಯಾಕುಗಳಲ್ಲಿ ಇರುವುದು ಢೋಲು, ತಬಲಾ. ನಮ್ಮ ಮಂದಿ ಒಂದು ಕ್ಷಣದಲ್ಲಿ ಬೇರೆ ಅಂತ ಗುರುತು ಹಿಡಿಯುತ್ತಾರೆ. ಬಾರಿಸುವವರಿಗೆ ರೊಕ್ಕ ಕೊಟ್ಟು, ಕೇಳಿ ರೆಕಾರ್ಡ್ ಮಾಡಿಕೊಳ್ಳಿ, ಒಂದು ಗಂಟೆಗೆ ಸಾವಿರ ಕೊಟ್ಟರೆ ವರ್ಷಕ್ಕಾಗುವಷ್ಟು ಲೂಪ್ ಸಿಗುತ್ತವೆ. ಮುದಗಲ್ಲಿನ ಮೊಹರಂ ಕುಣಿತದಲ್ಲಿ ಫೋನ್ ಹಿಡಿದು ತಂದ ರೆಕಾರ್ಡಿಂಗ್ ಕೆಲಸಕ್ಕೆ ಬರುವುದಿಲ್ಲ. ಹತ್ತಿರದ ಹಲಗೆಗೆ ಫೋನಿನ ಮೈಕ್ ಒಡೆಯುತ್ತದೆ, ಜನರ ಕೂಗು ಬೇರೆ ಮಾಡಲು ಬರುವುದಿಲ್ಲ. ಅಲಾಯಿ ಪದದ (ಮೊಹರಂ ಹಾಡಿನ) ಹಲಗೆಯನ್ನು ಹಳದಿ ಕುಣಿತಕ್ಕೆ ತರುವುದು ಸರಿಯೂ ಅಲ್ಲ. ಬಯಲಿನಲ್ಲಿ, ಗೋಡೆಯಿಂದ ದೂರ, ಆರೇಳು ಮೀಟರ್ ಅಂತರದಲ್ಲಿ ಮೈಕ್ ಇಟ್ಟು ಲೆವೆಲ್ ಮಧ್ಯಕ್ಕಿಂತ ಕೆಳಗೆ ಹಿಡಿಯಿರಿ. ಬಾರಿಸುವವರ ಕಿವಿಗೆ ಇಯರ್‌ಫೋನಿನಲ್ಲಿ 112ರ ಕ್ಲಿಕ್ ಕೊಟ್ಟರೆ ಆಮೇಲೆ ಗ್ರಿಡ್ ಎಳೆದಾಡುವ ಕೆಲಸ ತಪ್ಪುತ್ತದೆ. ಹಿರಿಯರು ಕ್ಲಿಕ್ ಒಲ್ಲೆ ಅಂದರೆ ಬಿಟ್ಟುಬಿಡಿ, ಅವರ ಕೈ ಕ್ಲಿಕ್ಕಿಗಿಂತ ನೆಟ್ಟಗಿರುತ್ತದೆ. ಚರ್ಮ ಕಾಸಿದ ಮೊದಲ ಹತ್ತು ನಿಮಿಷದ್ದೇ ಒಳ್ಳೆಯ ಸದ್ದು. 80 ಹರ್ಟ್ಸ್ ಕೆಳಗೆ ಕತ್ತರಿಸಿ, ಕಿಕ್ಕಿಗೆ ಜಾಗ ಬೇಕು.

ಡ್ರಮ್ ಆಂಡ್ ಬೇಸ್ (ಹೌಸಿಗಿಂತ ವೇಗದ ಎಲೆಕ್ಟ್ರಾನಿಕ್ ಸಂಗೀತ) ಜೊತೆಯೂ ಪ್ರಯೋಗ ಮಾಡಿದ್ದುಂಟು. 116ರ ತಿಶ್ರ ಹಾಡಿನ ಸಣ್ಣ ಎಣಿಕೆ ನಿಮಿಷಕ್ಕೆ 348. 174ರ ಡ್ರಮ್ ಆಂಡ್ ಬೇಸ್‌ನ ಅರ್ಧ ಪೆಟ್ಟೂ 348. ಲೆಕ್ಕ ಕೂದಲೆಳೆಯಷ್ಟೂ ತಪ್ಪುವುದಿಲ್ಲ, ಎರಡು ಪೆಟ್ಟಿಗೆ ಮೂರು ಪೆಟ್ಟು ಕೂಡುತ್ತಾ ಹೋಗುತ್ತದೆ. ಹೆಡ್‌ಫೋನಿನಲ್ಲಿ ಮೈ ಜುಂ ಅನ್ನುತ್ತದೆ. ಕುಣಿಯುವವರ ಕಾಲು ಮಾತ್ರ ತಪ್ಪುತ್ತದೆ, ಯಾವ ಪೆಟ್ಟಿಗೆ ಹೆಜ್ಜೆ ಇಡಬೇಕು ಅಂತ ತಿಳಿಯದೆ ಐಸ್‌ಕ್ರೀಮ್ ಕಡೆ ನಡೆಯುತ್ತಾರೆ. ಮನೆಗಷ್ಟೇ ಇಟ್ಟುಕೊಂಡಿದ್ದೇನೆ.

ಲೆವೆಲ್ ಬಗ್ಗೆ ಒಂದು ಮಾತು. ಕಾರ್ಯಕ್ರಮಕ್ಕೆ ಮುಂಚೆ ನಿಮ್ಮ ಅತಿ ಜೋರಿನ ಹಾಡು ಹಚ್ಚಿ, ಸೌಂಡಿನ ಅಣ್ಣನ ಕೈಯಲ್ಲೇ ಮಿಕ್ಸರ್ ಸೆಟ್ ಮಾಡಿಸಿ, ಆಮೇಲೆ ಕೆಂಪು ಲೈಟ್ ಮುಟ್ಟಬೇಡಿ. ಎರಡು ಡೆಕ್ಕಿನ ಬೇಸ್ ಒಟ್ಟಿಗೆ ತೆರೆದರೆ ಲೆವೆಲ್ 6 ಡೆಸಿಬೆಲ್ ತನಕ ಜಿಗಿಯುತ್ತದೆ, ಅವನು ಹೆದರಿ ಇಡೀ ಸೌಂಡ್ ಇಳಿಸುತ್ತಾನೆ, ಮತ್ತೆ ಏರಿಸುವುದಿಲ್ಲ. ಶಾಮಿಯಾನದ ಕಾಲಮ್ ಸ್ಪೀಕರ್ ಇದ್ದರೆ 100 ಹರ್ಟ್ಸ್ ಕೆಳಗೆ ಏನೂ ಕೇಳಿಸದು, ಅಲ್ಲಿಗೆ ಟಪ್ ಅನ್ನುವ ಗಟ್ಟಿ ಕಿಕ್ಕಿನ ಹಾಡುಗಳ ಬೇರೆ ಪಟ್ಟಿ ಇರಲಿ.

ಸಮಯವನ್ನು ಹಿಂದಿನಿಂದ ಎಣಿಸಿ. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕಕ್ಕೆ ತಡೆ ಇದೆ, ಪೊಲೀಸರು ಬಂದರೆ ನಿಲ್ಲುವುದು ನಿಮ್ಮ ಸೆಟ್ಟು. 8:45ಕ್ಕೆ ಹಲಗೆ, 9ಕ್ಕೆ ಹೌಸ್, 9:40ಕ್ಕೆ ಮತ್ತೆ ಅದೇ ಲೂಪ್ ಹಿಡಿದು 120ರಿಂದ 112ಕ್ಕೆ ಇಳಿದು ಜಾನಪದ. ಕೊನೆಯ ಹತ್ತು ನಿಮಿಷ ತೆಲುಗು ಕೇಳಿದವರಿಗೆ ತೆಲುಗು. ಪೇಮೆಂಟ್ ಮಾತ್ರ 9 ಗಂಟೆಯ ಒಳಗೆ ಈಸಿಕೊಳ್ಳಿ, ಬೀಗರು ಊಟಕ್ಕೆ ಕೂತ ಮೇಲೆ ಯಾರ ಕಿಸೆಯಲ್ಲೂ ರೊಕ್ಕ ಇರುವುದಿಲ್ಲ.